ಕೆಲಸ ಮುಗಿದ ಮ್ಯಾಲೂ ಕುಂತ ಉಣ್ಣೋ ಸಿ.ಡಿ. ಸಾಫ್ಟವೇರಿಗೆ ಬಾಗಲಾ ತೋರಸ್ರಿ

ಅಕ್ಕಾರ, ವೈನಿಗಳಿರಾ, ಓಣಿ ತಂಗೆವ್ವಗಳಿರಾ, ಈ ಸಲ ರೊಟ್ಟಿ-ಪಲ್ಯಾದ ಮಾತಲ್ಲ. ಮನ್ಯಾಗಿನ ಕಂಪ್ಯೂಟರಿನ ಮಾತು. "ನಮಗ್ಯಾಕವ್ವಾ ಅದರ ಉಸಾಬರಿ" ಅಂತ ಎದ್ದು ಹೋಗಬ್ಯಾಡ್ರಿ. ಆ "ನಮಗ್ಯಾಕವ್ವಾ" ಅನ್ನೂ ಮಾತಿನ ಜೋಡಿನ ನನ್ನ ಜಗಳ ಐತಿ.

ವಿಷಯ ಇಷ್ಟ. ಯಾವುದೋ ಕಾಲದಾಗ ಮದುವಿ ಸಿ.ಡಿ. ಕಾಪಿ ಮಾಡಾಕಂತ ಕಂಪ್ಯೂಟರಿಗೆ ಒಂದು ಸಾಫ್ಟವೇರ್ ಹಾಕಿಸಿರ್ತೀವಿ, ಇಲ್ಲಾ ಮಷೀನ್ ಕೊಂಡಾಗ ಅದರೊಳಗನ ಬಂದಿರತೈತಿ. ಸಿ.ಡಿ. ಕಾಲ ಮುಗೀತು. ಮದುವಿ ಆದ ಹುಡುಗಿಗೆ ಎರಡ ಮಕ್ಕಳಾದ್ವು. ಆದ್ರ ಆ ಸಾಫ್ಟವೇರ್ ಮಾತ್ರ ದಿನಾ ಮುಂಜಾನೆ ನೀವು ಬಟನ್ ಒತ್ತಿದ ಕೂಡ್ಲೆ ತಾನೂ ಎದ್ದು ಕುಂದರತೈತಿ. ಕಣ್ಣಿಗೆ ಕಾಣಸೂದಿಲ್ಲ, ಮಾತಾಡೂದಿಲ್ಲ, ಹಿಂದ ಕುಂತು ಮೆಮೊರಿ ತಿಂತೈತಿ. ನೀವು ಕರದಿಲ್ಲ, ಎಲಿ ಹಾಕಿಲ್ಲ. ಅದನ್ನ ನಿಲ್ಲಸಬೇಕು. ನಿಲ್ಲಸಾಕ ನಮಗ ಪೂರಾ ಹಕ್ಕೈತಿ. ಮತ್ತ ಆ ಕೆಲಸಾನ ಅಂಗಡ್ಯಾಂವನ ಕೈಲೆ ಅಲ್ಲ, ಅಳಿಯನ ಕೈಲೆ ಅಲ್ಲ, ನಾವ ಹೆಣ್ಣಮಕ್ಕಳ ನಮ್ಮ ಕೈಲೆನ ಮಾಡಬೇಕು. ಇದು ನನ್ನ ವಾದ.

ನಮ್ಮ ಬದಾಮಿ ಬನಶಂಕರಿ ಜಾತ್ರಿ ನೆನಸ್ಕೋರಿ. ಬನದ ಹುಣ್ಣಿವಿಗೆ ತೇರು ಎಳದ ಮ್ಯಾಲ ನಾಟಕದ ಕಂಪನಿಗಳು ಥೇಟರ್ ಹಾಕ್ತಾವು. ರಾತ್ರಿ ಇಡೀ ನಾಟಕ ಆಡ್ತಾರ, ನಾವೂ ಬುತ್ತಿ ಕಟಗೊಂಡ ಹೋಗಿ ನೋಡ್ತೀವಿ. ಜಾತ್ರಿ ಮುಗೀತಂದ್ರ ತಗಡು ಬಿಚ್ಚಿ, ಗಳಾ ಕಿತ್ತು, ಲಾರಿಗೆ ಹೇರಿ ಮುಂದಿನ ಊರಿಗೆ ಹೋಗ್ತಾರ. ಅದು ಮರ್ಯಾದಿ. ಅದ ಕಂಪನಿ ವರ್ಷಪೂರ್ತಿ ನಮ್ಮ ಹಿತ್ತಲದಾಗ ಟೆಂಟ್ ಹೊಡದು, ನಮ್ಮ ಕರೆಂಟ್ ಎಳಕೊಂಡು, ನಮ್ಮ ನಳದ ನೀರ ಕುಡದು ಕುಂತ್ರ ಸುಮ್ನ ಬಿಡ್ತಿದ್ವೇನು? ಕಂಪ್ಯೂಟರಿನ್ಯಾಗ ಮಾತ್ರ ಯಾಕ ಬಿಡಬೇಕು?

ಮೊದಲ, ಈ "ಸುಡೂದು" ಅಂದ್ರ ಏನು ಹೇಳಿಬಿಡ್ತೀನಿ. ಬರೀ ಸಿ.ಡಿ.ಯೊಳಗ ಒಂದು ಬಣ್ಣದ ಪದರು ಇರತೈತಿ. ಡ್ರೈವಿನ ಲೇಸರ್ ಬೆಳಕು ಆ ಬಣ್ಣಾನ ಅಲ್ಲಲ್ಲಿ ಕಾಯಿಸಿ ಬದಲ ಮಾಡತೈತಿ. ಅದಕ್ಕ ಬರ್ನಿಂಗ್ ಅಂತಾರ. ಒಂದು ಸಿ.ಡಿ.ಯೊಳಗ 700 ಎಂಬಿ ಹಿಡೀತೈತಿ, ಸಾದಾ ಡಿವಿಡಿಯೊಳಗ 4.7 ಜಿಬಿ. ಇವತ್ತ ಪ್ಯಾಟ್ಯಾಗ ಸಿಗೂ 32 ಜಿಬಿಯ ಬೆರಳಷ್ಟ ಪೆನ್‌ಡ್ರೈವಿನೊಳಗ ತುಂಬಿದ ಡಿವಿಡಿ ಆರು ಹಿಡೀತಾವು. ಅಂದ್ರ ಸುಡೂ ಕೆಲಸಾನ ಈಗ ಮುಗದಂಗ.

ಆ ಕಾಲದಾಗ ರೈಟರ್ ಡ್ರೈವ್ ಕೊಂಡ್ರ ಡಬ್ಬಿಯೊಳಗ ಸುಡೂ ಸಾಫ್ಟವೇರಿನ ಸಿ.ಡಿ.ನೂ ಬರ್ತಿತ್ತು. ಮುಂದ ಲ್ಯಾಪ್‌ಟಾಪ್ ಕಂಪನಿಗಳು ಮಷೀನಿನೊಳಗನ ಹಾಕಿ ಕೊಡಾಕ ಹತ್ತಿದ್ವು. ಜಗತ್ತಿನ್ಯಾಗ ಹೆಸರಾದದ್ದು ಜರ್ಮನಿಯ 'ನೀರೋ ಬರ್ನಿಂಗ್ ರಾಮ್'. ಹೆಸರಿನ್ಯಾಗ ಚ್ಯಾಷ್ಟಿ ಐತಿ: ರೋಮ್ ಪಟ್ಟಣ ಕ್ರಿ.ಶ. 64ರಾಗ ಸುಟ್ಟಾಗ ನೀರೋ ರಾಜ ಪಿಟೀಲು ಬಾರಿಸ್ಕೋತ ಕುಂತಿದ್ದ ಅನ್ನೂ ಕಥಿ ಐತೆಲ್ಲ, ಅದರ ಮ್ಯಾಲ ಇಟ್ಟ ಹೆಸರು. ಸುಡೂ ಕೆಲಸಾ ಚಲೋನ ಮಾಡ್ತಿತ್ತು, ಇಲ್ಲ ಅನ್ನೂದಿಲ್ಲ. ಆದ್ರ 2005ರಾಗ ಬಂದ ಅದರ 7ನೇ ಆವೃತ್ತಿಯೊಳಗ 'ನೀರೋ ಸ್ಕೌಟ್' ಅಂತ ಒಂದು ಭಾಗ ಸೇರಿತು. ಅದು ಹಿಂದ ಕುಂತು ಕಂಪ್ಯೂಟರಿನ್ಯಾಗಿನ ಫೋಟೊ, ಹಾಡು, ವಿಡಿಯೋ ಎಲ್ಲಾ ಹುಡಿಕಿ ಹುಡಿಕಿ ಪಟ್ಟಿ ಮಾಡ್ತಿತ್ತು. ಸಿ.ಡಿ. ಸುಡಾಕ ಕರದ್ರ, ಕಪಾಟಿನ್ಯಾಗ ಎಷ್ಟ ಸೀರಿ ಅದಾವಂತ ಎಣಿಸಾಕ ಕುಂತಂಗ! ಇದನ್ನ ಬಂದ್ ಮಾಡೂದು ಹೆಂಗ ಅಂತ ದೇಶ-ದೇಶದ ಮಂದಿ ಕೇಳ್ಕೋತ ತಿರಗಿದ್ರು. ಇದು ಒಂದ ಕಂಪನಿಯ ರೂಢಿ ಅಲ್ಲ. ಇಂಥ ಸಾಫ್ಟವೇರ್‌ಗಳಿಗೆಲ್ಲಾ ಈ ಚಾಳಿ ಐತಿ: ಒಂದು ತುಂಡು ಹೊಸ ಆವೃತ್ತಿ ಬಂತೇನಂತ ನೋಡತೈತಿ, ಇನ್ನೊಂದು ಡ್ರೈವಿನ್ಯಾಗ ಡಿಸ್ಕ್ ಹಾಕಿದ್ರೇನಂತ ಕಾಯತೈತಿ, ಮತ್ತೊಂದು "ಪೂರ್ತಿದು ಕೊಂಡುಕೊಳ್ರಿ" ಅಂತ ಮೂಲ್ಯಾಗ ಚೀಟಿ ತೋರಸತೈತಿ.

"ಹಿಂದ ಕುಂತ್ರ ಏನಾತ, ಬಡಪಾಯಿ" ಅನ್ನೋರಿಗೆ ಇನ್ನೊಂದು ಹೇಳ್ತೀನಿ. ಅದ 2005ರಾಗ ಸೋನಿ ಬಿಎಂಜಿ ಅನ್ನೂ ಹಾಡಿನ ಕಂಪನಿ ತನ್ನ ಸಿ.ಡಿ.ಗಳ ಕಾಪಿ ಆಗಬಾರದಂತ ಅದರೊಳಗ ಒಂದು ಸಾಫ್ಟವೇರ್ ಇಟ್ಟಿತ್ತು. ಮಂದಿ ಹಾಡು ಕೇಳಾಕಂತ ರೊಕ್ಕಾ ಕೊಟ್ಟು ಕೊಂಡ ಸಿ.ಡಿ. ಅದು. ಅದನ್ನ ಕಂಪ್ಯೂಟರಿನ್ಯಾಗ ಹಾಕಿ ಹಾಡು ಹಚ್ಚಿದ್ರ ಆ ಸಾಫ್ಟವೇರ್ ಒಳಗ ಹೋಗಿ ಕುಂದರತಿತ್ತು, ತನ್ನ ಫೈಲ್ ಯಾರಿಗೂ ಕಾಣಧಂಗ ಮುಚ್ಕೊಂತಿತ್ತು, ಸದಾ ಹಿಂದ ಓಡ್ತಿತ್ತು. ಅಕ್ಟೋಬರ್ 31ಕ್ಕ ಮಾರ್ಕ್ ರುಸಿನೋವಿಚ್ ಅನ್ನೂ ತಜ್ಞ ಇದನ್ನ ಬಯಲಿಗೆ ಹಾಕಿದ. ಅದು ಮುಚ್ಕೊಳ್ಳಾಕ ಮಾಡಿದ ಸಂದಿಯೊಳಗ ಬ್ಯಾರೆ ವೈರಸ್‌ಗಳೂ ಅಡಗಿ ಕುಂದರಬಹುದಿತ್ತು. 52 ಆಲ್ಬಮ್ಮಿನ ಸಿ.ಡಿ. ವಾಪಸ್ ತಗೊಳ್ಳೂ ಹಂಗಾತು, ಕೋರ್ಟ್ ಕಟ್ಟಿ ಹತ್ತಿದ್ರು. ಎಲ್ಲಾ ಸಾಫ್ಟವೇರ್ ಹಂಗಂತ ನಾ ಅನ್ನಾಕತ್ತಿಲ್ಲ. ಆದ್ರ "ಕಾಣಸಲಿಲ್ಲಂದ್ರ ಕೇಡಿಲ್ಲ" ಅನ್ನೂ ಮಾತು ಅವತ್ತ ಸುಳ್ಳಾತು.

ಈಗ ನಮ್ಮ ಅಡಿಗಿಮನಿ ಲೆಕ್ಕದಾಗ ನೋಡೂಣು. ಕಂಪ್ಯೂಟರಿನ ಮೆಮೊರಿ ಅಂದ್ರ ಕೆಲಸಾ ಮಾಡೂ ಕಟ್ಟಿ ಇದ್ದಂಗ. 4 ಜಿಬಿ ಇದ್ರ ಸಣ್ಣ ಕಟ್ಟಿ. ಅದರ ಮ್ಯಾಲ ವಿಂಡೋಸ್ ಅರ್ಧಾ ಜಾಗ ಹಿಡೀತೈತಿ. ಉಳದ ಅರ್ಧದಾಗ ನಿಮ್ಮ ಲೆಕ್ಕಾ, ಹುಡುಗೂರ ಪಾಠ, ಫೋಟೊ. ಅಲ್ಲಿ ಬಳಸಲಾರದ ಐದಾರ ಬೋಗಾಣಿ ಇಟ್ರ ರೊಟ್ಟಿ ಬಡ್ಯಾಕ ಜಾಗ ಎಲ್ಲೈತಿ? ಹಳೇ ಮಷೀನಿನ ಹಾರ್ಡ್‌ಡಿಸ್ಕ್ ಇನ್ನೂ ಪಾಪದ್ದು. ಒಳಗ ತಟ್ಟಿ ತಿರಗತೈತಿ, ಒಂದ ಕೈ ಆ ಕಡೆ ಈ ಕಡೆ ಓಡಾಡಿ ಓದತೈತಿ. ಚಾಲೂ ಆಗೂ ಹೊತ್ತಿನ್ಯಾಗ ಹತ್ತು ಸಾಫ್ಟವೇರು "ನನಗ ಕೊಡು, ನನಗ ಕೊಡು" ಅಂತ ಒಮ್ಮೆ ಕೈ ಚಾಚಿದ್ರ, ಆ ಒಂದ ಕೈ ಎಷ್ಟ ಕಡೆ ಓಡೀತು? ಪಂಕ್ತಿಯೊಳಗ ಬಡಸಾಕ ಒಬ್ಬಾಕಿನ ಇದ್ರ ಹೆಂಗೋ ಹಂಗ. ಒಂದೊಂದನ್ನ ಬಿಡಿಸಿ ನೋಡಿದ್ರ ಸಣ್ಣದು ಅನಸತೈತಿ. ಹನಿ ಹನಿ ಕೂಡಿನ ಹಳ್ಳ ಆಗೂದು. ಕುಂತ ಉಣ್ಣಾವ್ರಿಗೆ ಕುಡಿಕಿ ಹೊನ್ನೂ ಸಾಲೂದಿಲ್ಲ ಅಂತ ಹಿರ್ಯಾರು ಸುಮ್ನ ಅಂದಿಲ್ಲ.

ನವನಗರದಾಗಿನ ನಮ್ಮ ವೈನಿ ಮಾತು ಹೇಳ್ತೀನಿ. ಆಕಿ ಜಂಪರ್ ಹೊಲಿಗಿ ಲೆಕ್ಕಾ, ಮಹಿಳಾ ಸಂಘದ ಉಳಿತಾಯದ ಲೆಕ್ಕಾ ಎರಡೂ ಒಂದು ಹಳೇ ಲ್ಯಾಪ್‌ಟಾಪಿನ್ಯಾಗ ಇಟ್ಟಾಳ. ಅದು ಚಾಲೂ ಆಗೂದರೊಳಗ ಒಲಿ ಮ್ಯಾಲಿನ ಚಹಾ ಕುದ್ದು, ಸೋಸಿ, ಕುಡದೂ ಆಗ್ತಿತ್ತು. ಒಂದು ರಿಪೇರಿ ಅಂಗಡಿಗೆ ಒಯ್ದ್ಳು. ಅಂವ ತಗದೂ ನೋಡಲಿಲ್ಲ. "ಹಳೇದಾತ್ರಿ ಅಕ್ಕಾರ, ಹೊಸಾದು ತಗೋರಿ, ಇಲ್ಲಂದ್ರ ಫಾರ್ಮ್ಯಾಟ್ ಹೊಡೀಬೇಕು" ಅಂದ. ಫಾರ್ಮ್ಯಾಟ್ ಅಂದ್ರ ಒಳಗಿನದೆಲ್ಲಾ ಅಳಿಸಿ ಸಾರಿಸಿಬಿಡೂದು. ಸಂಘದ ಲೆಕ್ಕಾ ಹೋಗ್ತಿತ್ತು, ಆಕಿ ಅವ್ವನ ಫೋಟೊ ಹೋಗ್ತಿದ್ವು. ಕುಣೀಲಾರದಾಕಿ ಅಂಗಳ ಡೊಂಕ ಅಂದಂಗ, ನೋಡಾಕ ಬ್ಯಾಸರಾದಾಂವ ಮಷೀನ್ ಹಳೇದು ಅಂದ. ಆಕಿ ವಾಪಸ್ ತಂದ್ಳು. ಇಬ್ಬರೂ ಕುಂತು ತಗದು ನೋಡಿದ್ರ ಸಿ.ಡಿ. ಸುಡೂ ಸಾಫ್ಟವೇರಿನ ತುಂಡ ಮೂರು, ಅದರ ಜೋಡಿ ಎಂದೂ ಬಳಸದ ಇನ್ನ ನಾಕು, ಸಾಲಾಗಿ ಕುಂತಿದ್ವು. ಏಳೂ ನಿಲ್ಲಿಸಿದ್ವಿ. ಈಗ ಚಹಾಕ್ಕ ನೀರಿಟ್ಟು ಪುಡಿ ಹಾಕೂದರೊಳಗ ಮಷೀನ್ ತಯಾರ್ ಇರತೈತಿ. ಖರ್ಚು ಒಂದ ರೂಪಾಯಿ ಇಲ್ಲ. ಹೊಸಾದಕ್ಕ ಸುರೂ ಮಾಡಿದ್ರ ಎಷ್ಟ ಜಂಪರ್ ಹೊಲೀಬೇಕಾಗ್ತಿತ್ತು, ಹೊಲಿಯಾವ್ರ ಲೆಕ್ಕಾ ಹಾಕ್ರಿ.

ಇಲ್ಲಿ ನ್ಯಾಯವಾಗಿ ಒಂದ ಮಾತು ಹೇಳಬೇಕು. ಎಲ್ಲಾ ನಿಧಾನಕ್ಕೂ ಇದ ಮದ್ದಲ್ಲ. ಹಾರ್ಡ್‌ಡಿಸ್ಕ್ ಸಾಯಾಕ ಬಂದಿದ್ರ, ವೈರಸ್ ಹೊಕ್ಕಿದ್ರ, ಅದು ಬ್ಯಾರೆ ರೋಗ. ಮತ್ತ ವಿಂಡೋಸ್ 10ಕ್ಕ ಮೈಕ್ರೋಸಾಫ್ಟಿನ ಸಾದಾ ಬೆಂಬಲ 2025ರ ಅಕ್ಟೋಬರ್ 14ಕ್ಕ ಮುಗದೈತಿ. ಅದು ಸುರಕ್ಷತಾದ ವಿಚಾರ, ಬ್ಯಾಂಕಿನ ಕೆಲಸಾ ಆ ಮಷೀನಿನ್ಯಾಗ ಮಾಡಾವ್ರು ಅದನ್ನ ಬ್ಯಾರೆನ ಯೋಚಿಸ್ರಿ. ಆದ್ರ "ನಿಧಾನ ಆತು" ಅನ್ನೂ ಒಂದ ಕಾರಣಕ್ಕ ಹೊಸಾದು ಕೊಳ್ಳೂ ಮುಂದ, ಹಿಂದ ಕುಂತಾವ್ರನ್ನ ಎಬ್ಬಿಸಿ ನೋಡ್ರಿ.

ಇನ್ನ ತಕರಾರು ಹೇಳಾವ್ರಿಗೆ ಉತ್ತರ.

"ಇರಲಿ ಬಿಡ, ಯಾವಾಗರ ಸಿ.ಡಿ. ಮಾಡಬೇಕಾದೀತು" ಅಂತಾರ. ಆದೀತು. ಕೋರ್ಟಿಗೋ ಆಫೀಸಿಗೋ ಯಾರರ ಒಂದು ಕೇಳ್ಯಾರು. ಆದ್ರ ಅದಕ್ಕ ದಿನಾ ಹಿಂದ ಓಡಬೇಕೇನು? ಉಪ್ಪಿನಕಾಯಿ ಭರಣಿ ಮಾಡದಾಗ ಇರತೈತಿ, ಬೇಕಾದಾಗ ಇಳಸ್ತೀವಿ, ದಿನಾ ಮುಂಜಾನೆ ಬಾಗಲದಾಗ ತಂದ ಇಡೂದಿಲ್ಲ. ನಿಲ್ಲಸೂದು ಅಂದ್ರ ಒಗಿಯೂದಲ್ಲ. ಬೇಕಾದಾಗ ನೀವ ಒತ್ತಿ ತಗೀರಿ, ಆವಾಗ ಏಳತೈತಿ. ಅಷ್ಟ ಅಲ್ಲ, 2001ರ ವಿಂಡೋಸ್ ಎಕ್ಸ್‌ಪಿಯಿಂದ ಈಚೆಗೆ ಸಿ.ಡಿ. ಸುಡೂ ಶಕ್ತಿ ವಿಂಡೋಸಿನ ಒಳಗನ ಐತಿ. ಫೈಲಿನ ಮ್ಯಾಲ ಬಲಗಡೆ ಬಟನ್ ಒತ್ತಿ 'ಸೆಂಡ್ ಟು' ಅಂತ ಹೋದ್ರ ಡಿವಿಡಿ ಡ್ರೈವ್ ಕಾಣತೈತಿ. ವರ್ಷಕ್ಕೊಂದು ಸಿ.ಡಿ.ಗೆ ಬ್ಯಾರೆ ಆಳು ಬೇಕಾಗಿಲ್ಲ.

"ಏನರ ಒತ್ತಿದ್ರ ಕೆಟ್ಟೀತು" ಅಂತಾರ. ಈ ಅಂಜಿಕಿ ನಮಗ ಹುಟ್ಟಿಂದ ಬಂದದ್ದಲ್ಲ, ಹಚ್ಚಿ ಕೊಟ್ಟದ್ದು. ಕುಕ್ಕರಿನ ಸೀಟಿ ಬಿಚ್ಚಿ ತೊಳದು ಹಾಕ್ತೀವಿ, ಹೊಲಿಗಿ ಮಷೀನಿನ ಬಾಬಿನ್ ತಗದು ಎಣ್ಣಿ ಬಿಡ್ತೀವಿ, ಇಳಕಲ್ಲಿನಾಗ ಸೀರಿ ಮೈ ಹಾಸಿಗೂ ಸೆರಗಿನ ಹಾಸಿಗೂ ಎಳಿ ಎಳಿ ಕೊಂಡಿ ಹಾಕಿ ಕೂಡಸೂ ಕೈಗಳು ನಮ್ಮವು. ಅಂಥ ಕೈಗೆ ಪರದಿ ಮ್ಯಾಲಿನ ಒಂದು 'ಡಿಸೇಬಲ್' ಒತ್ತೂದು ದೊಡ್ಡದೇನು? ಅದು ಅಳಸೂದಿಲ್ಲ. ತಪ್ಪಿದ್ರ ಅದ ಜಾಗದಾಗ 'ಎನೇಬಲ್' ಅಂತ ಐತಿ, ಒತ್ತಿದ್ರ ಮೊದಲಿನಂಗ.

"ಹುಡುಗೂರು ಬಂದಾಗ ಮಾಡ್ತಾರ" ಅಂತಾರ. ಹುಡುಗೂರು ದೀಪಾವಳಿಗೆ ಬರ್ತಾರ, ಮೂರ ದಿನಾ ಇರ್ತಾರ, ಫೋನ್ ನೋಡ್ಕೋತ ಹೋಗ್ತಾರ. ಸಂಘದ ಲೆಕ್ಕಾ ದೀಪಾವಳಿ ತನಕಾ ಕಾಯೂದಿಲ್ಲ. ಇನ್ನೊಂದು ಮಾತು: ಮನ್ಯಾಗಿನ ವಸ್ತು ಹೆಂಗ ನಡೀತೈತಿ ಅನ್ನೂದು ಯಾರಿಗೆ ಗೊತ್ತೋ, ಆ ವಸ್ತು ಅವರದ. ಕೀಲಿಕೈ ಇನ್ನೊಬ್ಬರ ಸೊಂಟದಾಗಿದ್ರ ಕಪಾಟು ನಮ್ಮದ ಅಂತ ಹೆಂಗ ಅನ್ನೂದು?

ಈಗ ಕೆಲಸಾ. ಆದ್ರ ಸಾಫ್ಟವೇರಿಗೆ ಕೈ ಹಚ್ಚೂ ಮುಂದ ಒಂದು ದೊಡ್ಡ ಕೆಲಸ ಐತಿ. ಟ್ರಂಕಿನ್ಯಾಗಿನ ಸಿ.ಡಿ.ಗಳನ್ನ ಹೊರಗ ತಗೀರಿ.

ಯಾಕಂದ್ರ ನಮ್ಮ ಬಾಗಲಕೋಟಿ ಕಥಿ ಬ್ಯಾರೆ ಊರಿನಂಗಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಎಷ್ಟೋ ಓಣಿ, ಎಷ್ಟೋ ಮನಿ ಹೋದ್ವು. ನವನಗರದ ಸೆಕ್ಟರ್‌ಗಳಿಗೆ ಬಂದ್ವಿ. ಆ ಪಡಸಾಲಿ, ಆ ಕಟ್ಟಿ, ಆ ತೊಲಿ-ಕಂಬದ ಮನಿ ಈಗ ಎಲ್ಲೈತಿ? ಕೆಲವು ಮಂದಿಗೆ ಆ ಮನ್ಯಾಗ ಆದ ಮದುವಿ ಸಿ.ಡಿ.ಯೊಳಗ ಮಾತ್ರ ಐತಿ. ಅರಿಷಿಣ ಹಚ್ಚೂ ಹೊತ್ತಿನ್ಯಾಗ ಅಮ್ಮ ಸೋಬಾನ ಹಾಡಿದ ದನಿ ಅದರೊಳಗ ಐತಿ. ಹುನಗುಂದದಾಗೂ ಇಳಕಲ್ಲಿನಾಗೂ ಇಂಥ ಟ್ರಂಕು ಎಷ್ಟೋ ಅದಾವು. ಬದಾಮಿಯ ಮೂರನೇ ಗುಹೆದಾಗ ಕ್ರಿ.ಶ. 578ರ ಶಾಸನ ಇವತ್ತಿಗೂ ಓದಾಕ ಬರತೈತಿ. ಕಲ್ಲಿನ ಮ್ಯಾಲ ಕೊರದದ್ದು 1400 ವರ್ಷ ದಾಟಿತು. ಸುಟ್ಟ ಸಿ.ಡಿ. ಹಂಗಲ್ಲ. ಅದರ ಬಣ್ಣದ ಪದರು ಬಿಸಲಿಗೆ, ಸೆಕಿಗೆ ಮಂಕಾಗತೈತಿ. ನಮ್ಮ ಬ್ಯಾಸಗಿ ಬಿಸಲು, ತಗಡಿನ ಟ್ರಂಕು, ಮಾಡದ ಮ್ಯಾಲಿನ ಕಾವು, ಮೂರೂ ಅದರ ವೈರಿ. ಓದಾಕ ಬರೂ ತನಕಾನ ತಗೀಬೇಕು.

ಹೆಂಗಂದ್ರ: ಡಿಸ್ಕಿನ ಧೂಳು ಮೆತ್ತನ್ನ ಹತ್ತಿ ಅರಿವೀಲೆ ಒರಸ್ರಿ, ನಡುವಿಂದ ಅಂಚಿಗೆ ನೆಟ್ಟಗ, ಗುಂಡಗ ತಿಕ್ಕಬ್ಯಾಡ್ರಿ. ಸಿ.ಡಿ.ಯ ಹೆಸರು ಬರದ ಮೇಲ್ಮೈನೂ ಗೀರಬ್ಯಾಡ್ರಿ, ಮಾಹಿತಿ ಪದರು ಅದರ ಕೆಳಗನ ಇರತೈತಿ. ಡ್ರೈವಿನ್ಯಾಗ ಹಾಕಿ, 'ದಿಸ್ ಪಿಸಿ'ಯೊಳಗ ಡಿಸ್ಕಿನ ಚಿತ್ರದ ಮ್ಯಾಲ ಬಲಗಡೆ ಬಟನ್ ಒತ್ತಿ 'ಓಪನ್' ಅನ್ರಿ. ಡಿವಿಡಿ ಆದ್ರ 'ವಿಡಿಯೋ ಟಿಎಸ್' ಅನ್ನೂ ಫೋಲ್ಡರ್ ಇರತೈತಿ, ಅದನ್ನ ಇಡೀ ಕಾಪಿ ಮಾಡ್ರಿ. ಹಳೇ ವಿಸಿಡಿ ಆದ್ರ 'ಎಂಪೆಗ್ ಎವಿ' ಅನ್ನೂ ಫೋಲ್ಡರಿನ್ಯಾಗ 'ಡ್ಯಾಟ್' ಫೈಲ್ ಇರತಾವು, ಅವನ್ನ ಕಾಪಿ ಮಾಡ್ರಿ. ಎರಡನ್ನೂ ವಿಎಲ್‌ಸಿ ಅನ್ನೂ ಪುಗಸಟ್ಟೆ ಪ್ಲೇಯರ್ ತೋರಸತೈತಿ. ಫೋಲ್ಡರಿಗೆ ಯಾರ ಮದುವಿ, ಯಾವ ವರ್ಷ ಅಂತ ಹೆಸರ ಹಚ್ರಿ. ಒಂದು ಪ್ರತಿ ನಿಮ್ಮಲ್ಲಿ, ಇನ್ನೊಂದು ತಂಗಿ ಮನ್ಯಾಗ ಇರಲಿ. ಆ ಸುಡೂ ಸಾಫ್ಟವೇರಿನ ಕೈಲೆನ ಬ್ಯಾಕಪ್ ಅಂತ ಕಟ್ಟಿಟ್ಟ ಗಂಟೇನರ ಇದ್ರ, ಅದನ್ನ ಅದರ ಕೈಲೆನ ಬಿಚ್ಚಿಸಿ ಹೊರಗ ತಕ್ಕೋರಿ. ಆಮ್ಯಾಲ ಅದರ ಋಣ ಹರೀತು.

ಇನ್ನ ನಿಲ್ಲಸೂದು. ಮೊದಲ ಆ ಸಾಫ್ಟವೇರನ್ನ ತಗದು ಅದರ ಸೆಟ್ಟಿಂಗ್ಸಿನ್ಯಾಗ "ಚಾಲೂ ಆದಕೂಡ್ಲೆ ಓಡು" ಅನ್ನೂ ಅರ್ಥದ ಗುರ್ತು ಇದ್ರ ತಗೀರಿ. ಮರ್ಯಾದೀಲೆ ಹೇಳೂದು ಅಂದ್ರ ಇದು.

ಕೇಳಲಿಲ್ಲಂದ್ರ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೂಡೆ ಒತ್ರಿ. ಟಾಸ್ಕ್ ಮ್ಯಾನೇಜರ್ ಬರತೈತಿ. ಅದರೊಳಗ 'ಸ್ಟಾರ್ಟಪ್' ಅನ್ನೂ ಕಡೆ ಹೋಗ್ರಿ. ವಿಂಡೋಸ್ 8ರಿಂದ ಈ ಪಟ್ಟಿ ಇಲ್ಲೇ ಐತಿ. ವಿಂಡೋಸ್ 7 ಇದ್ದಾವ್ರು ವಿಂಡೋಸ್ ಬಟನ್ನಿನ ಜೋಡಿ ಆರ್ ಒತ್ತಿ, ಇಂಗ್ಲಿಷ್‌ನ್ಯಾಗ 'ಎಂಎಸ್‌ಕಾನ್ಫಿಗ್' ಅಂತ ಬರದು ನೋಡ್ರಿ. ಪಟ್ಟಿಯೊಳಗ ಹೆಸರು, ಮಾಡಿದ ಕಂಪನಿ, ಚಾಲೂ ಆಗೂದಕ್ಕ ಎಷ್ಟ ಭಾರ ಅನ್ನೂದು ಇರತೈತಿ. 'ಹೈ' ಅಂದ್ರ ಹೆಚ್ಚ ಭಾರ. ಸಿ.ಡಿ. ಸಾಫ್ಟವೇರಿನ ಕಂಪನಿ ಹೆಸರು ಎಲ್ಲೆಲ್ಲೈತಿ ನೋಡಿ, ಬಲಗಡೆ ಬಟನ್ ಒತ್ತಿ 'ಡಿಸೇಬಲ್' ಮಾಡ್ರಿ. ಒಂದ ಮಾತು: ಆಂಟಿವೈರಸ್, ಸೌಂಡು, ಟಚ್‌ಪ್ಯಾಡ್, ಗ್ರಾಫಿಕ್ಸ್ ಅಂತಿದ್ದದ್ದನ್ನ ಮುಟ್ಟಬ್ಯಾಡ್ರಿ. ಹೆಸರು ತಿಳೀಲಿಲ್ಲಂದ್ರ ಹಾಳೀ ಮ್ಯಾಲ ಬರಕೊಂಡು ಕೇಳ್ರಿ, ಆಮ್ಯಾಲ ಮುಟ್ರಿ. ಜ್ವಾಳ ಹಸನ ಮಾಡೂವಾಗ ಕಲ್ಲು ಆರಸ್ತೀವಿ, ಜ್ವಾಳಾನ ಒಗಿಯೂದಿಲ್ಲ.

ಕೆಲವು ಜಿಗಟು ಇರತಾವು. ಅವು ಆ ಪಟ್ಟಿಯೊಳಗ ಬರಧಂಗ 'ಸರ್ವಿಸ್' ಅನ್ನೂ ಹೆಸರಿಲೆ ಓಡತಾವು. ವಿಂಡೋಸ್ ಬಟನ್ನಿನ ಜೋಡಿ ಆರ್ ಒತ್ತಿ, ಇಂಗ್ಲಿಷ್‌ನ್ಯಾಗ 'ಸರ್ವಿಸಸ್ ಡಾಟ್ ಎಂಎಸ್‌ಸಿ' ಅಂತ ಬರೀರಿ. ಆ ಕಂಪನಿ ಹೆಸರಿನ ಸಾಲು ಹುಡಿಕಿ, ಎರಡ ಸಲ ಒತ್ತಿ, 'ಆಟೋಮ್ಯಾಟಿಕ್' ಇದ್ದದ್ದನ್ನ 'ಮ್ಯಾನ್ಯುಯಲ್' ಮಾಡ್ರಿ. ಅಂದ್ರ "ಕರದ್ರ ಬಾ, ಇಲ್ಲಂದ್ರ ಬರಬ್ಯಾಡ" ಅಂದಂಗ. ಉಳದ ಯಾವ ಸಾಲಿಗೂ ಕೈ ಹಚ್ಚಬ್ಯಾಡ್ರಿ, ಅಲ್ಲಿ ಹೆಚ್ಚಿನವು ವಿಂಡೋಸಿನ ಸ್ವಂತ ಕೆಲಸದಾವ್ರು.

ಡಿಸ್ಕ್ ಎಲ್ಲಾ ಕಾಪಿ ಆಗಿ, ಇನ್ನ ಅದು ಬ್ಯಾಡನ ಬ್ಯಾಡ ಅನಸಿದ್ರ ಪೂರಾ ತಗೀರಿ. ಸೆಟ್ಟಿಂಗ್ಸಿನ 'ಆ್ಯಪ್ಸ್' ಅನ್ನೂದರಾಗ, ಇಲ್ಲಾ ಕಂಟ್ರೋಲ್ ಪ್ಯಾನೆಲ್ಲಿನ 'ಪ್ರೋಗ್ರಾಮ್ಸ್' ಅನ್ನೂದರಾಗ ಹೆಸರು ಹುಡಿಕಿ 'ಅನ್‌ಇನ್‌ಸ್ಟಾಲ್' ಒತ್ರಿ. ಪರದಿ ಮ್ಯಾಲಿನ ಚಿತ್ರಾ ಒಂದ ಅಳಿಸಿ "ತಗದೆ" ಅನ್ನಬ್ಯಾಡ್ರಿ. ಅದು ಬಾಗಲದ ಮ್ಯಾಲಿನ ಹೆಸರಿನ ಹಲಗಿ ಕಿತ್ತಂಗ, ಮನುಷ್ಯಾ ಒಳಗ ಇರತಾನ.

ಕಡೀಕ 'ರೀಸ್ಟಾರ್ಟ್' ಮಾಡ್ರಿ. 'ಶಟ್ ಡೌನ್' ಮಾಡಿ ಹಚ್ಚಿದ್ರ ಸಾಲೂದಿಲ್ಲ. ಈಚಿನ ವಿಂಡೋಸಿನ್ಯಾಗ 'ಫಾಸ್ಟ್ ಸ್ಟಾರ್ಟಪ್' ಅಂತ ಇರತೈತಿ, ಬಂದ್ ಮಾಡಿದ್ರೂ ಅರ್ಧಾ ನಿದ್ದೀಗೆ ಹೋಗತೈತಿ, ಪೂರಾ ಹೊಸದಾಗಿ ಏಳೂದು ರೀಸ್ಟಾರ್ಟಿನ್ಯಾಗನ. ಮತ್ತ ಟಾಸ್ಕ್ ಮ್ಯಾನೇಜರ್ ತಗದು ನೋಡ್ರಿ, ಹೋಗೈತೋ ಇಲ್ಲೋ. ತಿಂಗಳಿಗೊಮ್ಮೆ ಇಣಿಕಿ ನೋಡೂ ರೂಢಿ ಇಟಗೋರಿ, ಯಾಕಂದ್ರ ಅಪ್‌ಡೇಟ್ ಅನ್ನೂ ನೆಪಾ ಮಾಡಿ ಕೆಲವು ಹಿತ್ತಲ ಬಾಗಲದಿಂದ ತಿರಗಿ ಬರತಾವು.

ಕಂಪನಿಗಳಿಗೆ ನಾ ಅನ್ನೂದು ಒಂದ. ಕೆಲಸಾ ಕೊಟ್ಟಾಗ ಬಾ, ಮಾಡು, ಹೋಗು. ಹಿಂದ ಓಡಬೇಕಂದ್ರ ಕೇಳಿ ಓಡು, ತಿಳಿಯೂ ಮಾತಿನ್ಯಾಗ ಕೇಳು. "ನೆಕ್ಸ್ಟ್, ನೆಕ್ಸ್ಟ್" ಅಂತ ಒತ್ತಿಸ್ಕೊಂಡು, ಆ ಸಣ್ಣಕ್ಷರದಾಗ ಒಪ್ಪಿಗಿ ಕೊಟ್ಟೀರಿ ಅನ್ನೂದು ಒಪ್ಪಿಗಿ ಅಲ್ಲ. ಮನಿಯಾಕಿಗೆ ಗೊತ್ತಿಲ್ಲದ ಮನ್ಯಾಗ ಇರೂದಕ್ಕ ಬೀಗತನ ಅನ್ನೂದಿಲ್ಲ. ಇದ ಮಾತು ಫೋನಿನ್ಯಾಗಿನ ಆ್ಯಪಿಗೂ ಬರತೈತಿ. ಬ್ಯಾಟರಿ ಮಧ್ಯಾಹ್ನಕ್ಕ ಮುಗೀತಂದ್ರ ಫೋನಿಗೆ ಬೈಯೂ ಮುಂದ ಸೆಟ್ಟಿಂಗ್ಸಿನ್ಯಾಗ ಬ್ಯಾಟರಿ ಯಾರು ತಿಂದ್ರು ನೋಡ್ರಿ, ಲೆಕ್ಕಾ ಅಲ್ಲೇ ಬರದಿರತೈತಿ.

ಇಳಕಲ್ಲಿನ ಮಹಾಂತ ಅಪ್ಪಗಳು ಜೋಳಿಗಿ ಹಿಡಕೊಂಡು ಮನಿ ಮನಿಗೆ ಹೋಗಿ ರೊಕ್ಕಾ ಬೇಡಲಿಲ್ಲ, ಕಾಳು ಬೇಡಲಿಲ್ಲ, ನಿಮ್ಮ ದುಶ್ಚಟ ಹಾಕ್ರಿ ಅಂತ ಬೇಡಿದ್ರು. ಕುಡತಾ, ತಂಬಾಕು ಹಾಕಿ ಮಂದಿ ಹಗುರಾದ್ರು. ಸಾಫ್ಟವೇರ್ ಅಷ್ಟ ದೊಡ್ಡ ಪಾಪ ಅಲ್ಲ ಬಿಡ್ರಿ. ಆದ್ರ "ಇರಲಿ ಬಿಡ", "ನಮಗ ತಿಳೀದಿಲ್ಲ", "ಅವರನ್ನ ಕೇಳಬೇಕು" ಅನ್ನೂ ಮೂರು ಚಟಾ ನಮ್ಮ ಹೆಣ್ಣಮಕ್ಕಳಿಗೆ ಹತ್ಯಾವಲ್ಲ, ಅವನ್ನ ಹಾಕಾಕ ಒಂದು ಜೋಳಿಗಿ ಬೇಕಾಗೈತಿ.

ಈ ಐತವಾರ ಮಧ್ಯಾಹ್ನ ಊಟಾ ಆದ ಮ್ಯಾಲ ಒಂದು ತಾಸು ಇಟ್ಕೋರಿ. ಮೊದಲ ಟ್ರಂಕು, ಆಮ್ಯಾಲ ಟಾಸ್ಕ್ ಮ್ಯಾನೇಜರ್. ಒಬ್ಬಾಕಿಗೆ ಧೈರ್ಯ ಆಗಲಿಲ್ಲಂದ್ರ ಬಾಜೂ ಮನಿಯಾಕಿನ್ನ ಕರೀರಿ, ಇಬ್ಬರೂ ಕುಂತು ಮಾಡ್ರಿ. ನಿಮ್ಮ ಪಟ್ಟಿಯೊಳಗ ಎಷ್ಟ ಮಂದಿ ಪುಗಸಟ್ಟೆ ಕುಂತಿದ್ರು, ಎಷ್ಟ ಮಂದೀನ ಎಬ್ಬಿಸಿದ್ರಿ, ಮುಂದಿನ ಸಲ ಸಿಕ್ಕಾಗ ಹೇಳ್ರಿ. ಹಳೇ ಬಾಗಲಕೋಟಿ ಮನಿ ಯಾರ ಡಿಸ್ಕಿನ್ಯಾಗರ ಕಂಡ್ರ ಒಂದು ಪ್ರತಿ ನನಗೂ ಇಡ್ರಿ.